ಹಿಮ್ಮಡಿ ಊರದ ಬಸ್ಕಿ

20 ಜನವರಿ 1975, ಸೋಮವಾರ. ಬೆಳಿಗ್ಗೆ 8

ಇವತ್ತು ಹತ್ತಕ್ಕೆ ಏಳು. ಶನಿವಾರ ಆರಿತ್ತು. ಒಂದು ತಿಂಗಳು ಕಳೆದ ಮೇಲೂ ಇದೇ ಗೋಳು.

ವಿಷಯ ಇಷ್ಟೆ. ಹೆಗಲ ಮೇಲೆ ನಲವತ್ತು ಕೆ.ಜಿ.ಯ ರಾಡು. ಎರಡು ಹಿಮ್ಮಡಿಯ ಕೆಳಗೂ ಒಂದೊಂದು ಕಾಗದದ ಚೂರು — ಆಫೀಸಿನಲ್ಲಿ ಹಾಳಾದ ಟ್ರೇಸಿಂಗ್ ಪೇಪರು, ನಾನೇ ಕತ್ತರಿಸಿ ಒಯ್ದದ್ದು. ಉಸ್ತಾದ್ ಓಬಳೇಶಪ್ಪನವರು ಹಿಂದೆ ನೆಲದ ಮೇಲೆ ಕುಳಿತು ಚೂರುಗಳ ತುದಿ ಹಿಡಿದಿರುತ್ತಾರೆ. ನಾನು ಬಸ್ಕಿಗೆ ಇಳಿಯಬೇಕು. ಹಿಮ್ಮಡಿ ನೆಲಕ್ಕೆ ಊರಿದ್ದರೆ ಕಾಗದ ಜಗ್ಗಿದರೂ ಬರುವುದಿಲ್ಲ. ಒಂಚೂರು ಎದ್ದರೂ ಸರ್ರನೆ ಅವರ ಕೈಗೆ ಬರುತ್ತದೆ. “ಬಂತು” ಅನ್ನುತ್ತಾರೆ. ಅಷ್ಟೇ. ಬೈಯುವುದಿಲ್ಲ. ಬೈದರೆ ಎಷ್ಟೋ ಹಗುರವಾಗುತ್ತಿತ್ತು.

ಹತ್ತು ಬಸ್ಕಿಗೆ ಏಳು ಸಲ ಬಂತು.

ಇದು ಸಾಲದು ಅಂತ ಮೊಣಕಾಲು ಒಳಕ್ಕೆ ಸೇರುತ್ತವೆ, ಬೆನ್ನು ಗೂನಾಗುತ್ತದೆ, ಕಣ್ಣು ನೆಲ ನೋಡುತ್ತದೆ. ದಿನವಿಡೀ ಮೋರಿ, ಸೇತುವೆಗಳ ನಕ್ಷೆಗೆ ನೇರ ಗೆರೆ ಎಳೆದು ಸಂಬಳ ತೆಗೆದುಕೊಳ್ಳುವ ಟ್ರೇಸರ್ ನಾನು. ನನ್ನ ಬೆನ್ನೊಂದನ್ನು ನೇರ ಇಡಲಾರೆ. ನಗು ಬರಬೇಕು, ಬರುವುದಿಲ್ಲ.

22 ಜನವರಿ, ಬುಧವಾರ. ಆಫೀಸು

ಕರೆಂಟು ಇಲ್ಲ. ಹೆಡ್ ಡ್ರಾಫ್ಟ್ಸ್‌ಮನ್ ಟೀ ಕುಡಿಯಲು ಹೋದವರು ಬಂದಿಲ್ಲ. ಬರೆಯುತ್ತೇನೆ.

ನಮ್ಮ ಗರಡಿಯ ಬಸ್ಕಿ ತುದಿಗಾಲಿನ ಬಸ್ಕಿ. ಇಳಿಯುವಾಗ ಹಿಮ್ಮಡಿ ಏಳಬೇಕು, ಕೈ ಬೀಸಬೇಕು, ಏಳುವಾಗ ಮತ್ತೆ ಊರಬೇಕು. ಹತ್ತನೇ ವರ್ಷಕ್ಕೆ ಮಟ್ಟಿಗೆ, ಕುಸ್ತಿಯ ಕೆಮ್ಮಣ್ಣಿನ ಗುಂಡಿಗೆ, ಇಳಿದೆ. ಹದಿನಾರು ವರ್ಷ ದಿನಕ್ಕೆ ಐನೂರು. ಕುಸ್ತಿಗೆ ಅದೇ ಸರಿ. ಬರಿಮೈಯ ಬಸ್ಕಿಗೂ ಅದೇ ಸರಿ. ಆದರೆ ಹೆಗಲ ಮೇಲೆ ರಾಡು ಬಂದರೆ ತುದಿಗಾಲು ಮೋಸ. ಭಾರ ಮುಂದಕ್ಕೆ ಎಳೆಯುತ್ತದೆ, ಆಳು ಮುಗ್ಗರಿಸುತ್ತಾನೆ.

ಚಿತ್ತಯ್ಯನಿಗೂ ಇದೇ ದೋಷ ಇತ್ತು. ಉಸ್ತಾದರ ಒಬ್ಬನೇ ಮಗ. ನನ್ನ ವಯಸ್ಸು. ಇಬ್ಬರೂ ಒಂದೇ ದಿನ ಮಟ್ಟಿಗೆ ಇಳಿದವರು. ಎಪ್ಪತ್ತೆರಡರಲ್ಲಿ ಜಲಂಧರದಿಂದ ರೈಲು ಪಾರ್ಸೆಲಿನಲ್ಲಿ ರಾಡು, ಪ್ಲೇಟು ತರಿಸಿದವನು ಅವನೇ. ದುರ್ಗದಲ್ಲಿ ಯಾರೂ ಕಂಡಿರಲಿಲ್ಲ. ಹೊಳಲ್ಕೆರೆಯಿಂದ ಎತ್ತಿನ ಗಾಡಿಯಲ್ಲಿ ಜನ ನೋಡಲು ಬಂದಿದ್ದರು. 1973 ನವೆಂಬರ್ 8, ಗುರುವಾರ ಬೆಳಿಗ್ಗೆ ನೂರಾ ಹತ್ತು ಕೆ.ಜಿ. ಹೊತ್ತು ಬಸ್ಕಿ ಇಳಿದವನು ಮುಂದಕ್ಕೆ ಬಿದ್ದ. ರಾಡು ಕುತ್ತಿಗೆಗೆ ಬಂತು. ಆಸ್ಪತ್ರೆ ಬಾಗಿಲು ಮುಟ್ಟುವ ಹೊತ್ತಿಗೆ ಮುಗಿದಿತ್ತು. ಉಸ್ತಾದರು ಹಿಂದಿನ ದಿನವೇ ಹಾಲುರಾಮೇಶ್ವರಕ್ಕೆ ಹೋಗಿದ್ದರು. ಗರಡಿಯಲ್ಲಿ ಇದ್ದವನು ನಾನೊಬ್ಬನೇ.

ಒಂದು ವರ್ಷ ಆ ರಾಡನ್ನು ಯಾರೂ ಮುಟ್ಟಲಿಲ್ಲ. ಡಿಸೆಂಬರಿನಲ್ಲಿ ಉಸ್ತಾದರು ಹೇಳಿ ಕಳಿಸಿದರು. ಹೋದೆ. ಕೂರಿಸಿಕೊಂಡು ಹೇಳಿದ ಮಾತು ಇದು: “ನಾನು ಕಲಿಸಿದ ಬಸ್ಕಿನೇ ನನ್ನ ಮಗನ್ನ ತಿಂತು ಅಂತ ನಂಗೆ ಅನುಮಾನ ಐತೆ ಹಾಲಪ್ಪ. ನೀನೂ ಅದೇ ಬಸ್ಕಿ ಕಲ್ತೋನು. ನೀನು ರಾಡು ಹೊತ್ಕಂಡು ಹಿಮ್ಮಡಿ ಊರಿದ್ರೆ, ಬಸ್ಕಿದೇನೂ ತಪ್ಪಿಲ್ಲ. ಊರಲಿಲ್ಲ ಅಂದ್ರೆ ಯುಗಾದಿಗೆ ಮಟ್ಟಿ ಮುಚ್ಚಿಬಿಡ್ತೀನಿ.”

ಮಟ್ಟಿ ಅವರ ತಾತನ ಕಾಲದ್ದು. ಯುಗಾದಿಗೆ ಹೊಸ ಕೆಮ್ಮಣ್ಣು ತಂದು, ಮಜ್ಜಿಗೆ, ಎಣ್ಣೆ, ಅರಿಸಿನ ಕಲಸಿ ಮಟ್ಟಿಗೆ ತುಂಬುವುದು ನಮ್ಮ ಪದ್ಧತಿ. ಈ ಸಲ ಮಣ್ಣು ಬರುತ್ತದೋ ಬೀಗ ಬೀಳುತ್ತದೋ ಎನ್ನುವುದು ನನ್ನ ಎರಡು ಹಿಮ್ಮಡಿಯ ಮೇಲೆ ನಿಂತಿದೆ. ಆಗಲ್ಲ ಅನ್ನಬೇಕಿತ್ತು. ಹೂಂ ಅಂದುಬಿಟ್ಟೆ.

ಕರೆಂಟು ಬಂತು.

27 ಜನವರಿ, ಸೋಮವಾರ

ಹತ್ತಕ್ಕೆ ಎಂಟು.

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಅವ್ವನಿಗೆ ಓದು ಬಾರದು, ಬೇರೆ ಯಾರು ನೋಡುತ್ತಾರೆ. ಬರೆದೇ ಬಿಡುತ್ತೇನೆ. ಬಸ್ಕಿ ಇಳಿದು ಪೂರ್ತಿ ಕೆಳಗೆ ಮುಟ್ಟಿದಾಗ ಎದುರಿಗೆ ಯಾರೋ ನಿಂತಿರುತ್ತಾರೆ. ಮುಖ ಕಾಣುವುದಿಲ್ಲ. ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಎರಡು ಕಾಲು, ಕೆಮ್ಮಣ್ಣು ಮೆತ್ತಿದ ಪಾದ. ನೋಡಿದೊಡನೆ ಹಿಮ್ಮಡಿ ಏಳುತ್ತದೆ. ಕಾಗದ ಸರ್ರನ್ನುತ್ತದೆ. “ಬಂತು.”

ಎದ್ದು ನಿಂತರೆ ಎದುರಿಗೆ ಬರೀ ಗೋಡೆ, ಹನುಮಂತನ ಪಟ.

ನಮ್ಮ ಗರಡಿಯಲ್ಲಿ ಎಣಿಸುವವನು ಎದುರಿಗೆ ನಿಲ್ಲಬೇಕು. ಅದು ಮೊದಲಿನಿಂದ ಬಂದ ಕಟ್ಟು. ಬಸ್ಕಿ ಕೆಳಗೆ ಮುಟ್ಟಿದಾಗ ಅವನು ಅಂಕಿ ಹೇಳುತ್ತಾನೆ. ಹೇಳಿದ ಮೇಲೆಯೇ ಏಳಬೇಕು. ಸಾಮು ಮಾಡುವವನ ಬೆನ್ನ ಹಿಂದೆ ಯಾರೂ ನಿಲ್ಲುವ ಹಾಗಿಲ್ಲ. ಹಿಂದೆ ನಿಂತವನು ಇವನು ಬೀಳಲಿ ಅಂತ ಕಾಯುತ್ತಾನೆ ಅಂತ ಅರ್ಥ. ಚಿಕ್ಕವರಾಗಿದ್ದಾಗ ಮರೆತು ಹಿಂದೆ ಹೋದರೆ ಹುಣಸೆ ಬರಲಿನ ಏಟು ಬೀಳುತ್ತಿತ್ತು.

ಈಗ ಆ ಕಟ್ಟನ್ನು ಮುರಿದವರು ಉಸ್ತಾದರೇ. ಅವರು ನನ್ನ ಹಿಂದೆ ಕೂರುತ್ತಾರೆ. ಎದುರಿಗೆ ಯಾರನ್ನೂ ನಿಲ್ಲಿಸುವುದಿಲ್ಲ. ಆದರೂ ಎದುರಿಗೆ ಯಾರೋ ನಿಂತಿರುತ್ತಾರೆ.

3 ಫೆಬ್ರವರಿ, ಸೋಮವಾರ

ಸಾಮು ಮುಗಿದ ಮೇಲೆ ಏಕಾಂತಮ್ಮ ಅಂಬಲಿ ತಂದುಕೊಟ್ಟರು. ಚಿತ್ತಯ್ಯನ ತಾಯಿ. ಮಗ ಕುಡಿಯುತ್ತಿದ್ದ ಹಿತ್ತಾಳೆ ಲೋಟದಲ್ಲೇ ಕೊಡುತ್ತಾರೆ. ಬೇರೆ ಲೋಟ ಕೊಡಿ ಅಂತ ಹೇಗೆ ಕೇಳುವುದು.

ಉಸ್ತಾದರು ಸ್ನಾನಕ್ಕೆ ಹೋಗಿದ್ದರು. ಅಮ್ಮ ಮೆಲ್ಲಗೆ ಹೇಳಿದರು. ಇವರಿಗೆ ನಿದ್ದೆ ಇಲ್ಲವಂತೆ. ಊಟಕ್ಕೆ ಕುಳಿತಲ್ಲಿ ಸುಮ್ಮನೆ ತಮ್ಮ ಹಿಮ್ಮಡಿ ನೋಡಿಕೊಳ್ಳುತ್ತಾರಂತೆ. ಮೊನ್ನೆ ಮಗನ ಹಳೇ ಲಂಗೋಟಿ ತೆಗೆದು ಒಗೆಯಲು ಹಾಕಿದರೆ ಬೇಡ ಅಂತ ಕಿತ್ತುಕೊಂಡರಂತೆ. ಕೊನೆಗೆ ಲೋಟ ಇಸಿದುಕೊಳ್ಳುತ್ತಾ ಅಂದರು: “ಹೆಂಗಾರ ಮಾಡಿ ನಿನ್ನ ಹಿಮ್ಮಡಿ ಊರ್ಸಪ್ಪ. ಮಟ್ಟಿ ಮುಚ್ಚಿದ್ರೆ ಇವ್ರೂ ಉಳಿಯಲ್ಲ.”

ತಲೆ ಆಡಿಸಿದೆ. ಆಫೀಸಿನಲ್ಲಿ ಎರಡು ಶೀಟು ಹಾಳು ಮಾಡಿದೆ.

4 ಫೆಬ್ರವರಿ, ಮಂಗಳವಾರ. ಬೆಳಿಗ್ಗೆ 6

ಹೋಗಲಿಲ್ಲ. ಜ್ವರ ಅಂತ ಹೇಳಿಕಳಿಸಿದೆ. ಜ್ವರ ಇಲ್ಲ.

ಬರೆಯುತ್ತೇನೆ. ಒಂದು ಸಲ ಬರೆದರೆ ಹಗುರವಾಗಬಹುದು.

ಚಿತ್ತಯ್ಯನ ಕಾಲ ಕೆಳಗೆ ಹಲಗೆ ಇತ್ತು. ಇಟ್ಟವನು ನಾನು.

ಅವನ ಹಿಮ್ಮಡಿ ಏಳುವುದನ್ನು ಉಸ್ತಾದರು ನೋಡಿದ್ದರು. ಎಂಬತ್ತರ ಮೇಲೆ ಹೋಗಬೇಡ, ನಲವತ್ತರಿಂದ ಮತ್ತೆ ಶುರು ಮಾಡು, ಹಿಮ್ಮಡಿ ಊರುವವರೆಗೂ ಪ್ಲೇಟು ಏರಿಸಬೇಡ ಅಂದಿದ್ದರು. ಅವನು ಒಪ್ಪಿದ್ದ. ಆದರೆ ದಾವಣಗೆರೆಯಲ್ಲಿ ಡಿಸೆಂಬರಿಗೆ ಪಂದ್ಯ ಇತ್ತು. ಒಳಗೊಳಗೇ ಕುದಿಯುತ್ತಿದ್ದ. ನಾನು ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ನೋಡಿದೆ. ಅದರ ಫೋಟೋದಲ್ಲಿ ಒಬ್ಬ ಬಿಳಿಯ ಹಿಮ್ಮಡಿಯ ಕೆಳಗೆ ಹಲಗೆ ಕೊಟ್ಟು ಬಸ್ಕಿ ಹೊಡೆಯುತ್ತಿದ್ದ. ನೋಡು, ಎಷ್ಟು ಸುಲಭ, ಹಿಮ್ಮಡಿ ನೆಲಕ್ಕೆ ಬರದಿದ್ದರೆ ನೆಲವನ್ನೇ ಹಿಮ್ಮಡಿಗೆ ತರೋಣ ಅಂದೆ. ನನ್ನ ಜಾಣತನಕ್ಕೆ ಇಬ್ಬರೂ ನಕ್ಕೆವು. ಆಫೀಸಿನಲ್ಲಿ ಸರ್ವೆ ಸಾಮಾನು ಬಂದ ಪೆಟ್ಟಿಗೆಯ ಹಲಗೆ ಬಿದ್ದಿತ್ತು. ತಂದೆ.

ಮಟ್ಟಿಯ ಪಕ್ಕದ ನೆಲ ಕಲ್ಲುಚಪ್ಪಡಿ. ಅದರ ಮೇಲೆ ಯಾವಾಗಲೂ ಎಣ್ಣೆಯ ಜಿಡ್ಡು, ಮಣ್ಣಿನ ಪುಡಿ. ಆ ಫೋಟೋದವನು ಎಂಥ ನೆಲದ ಮೇಲೆ ನಿಂತಿದ್ದನೋ ನಾನು ನೋಡಲಿಲ್ಲ. ನಾಲ್ಕನೇ ಬಸ್ಕಿಗೆ ಹಲಗೆ ಹಿಂದಕ್ಕೆ ಜಾರಿತು. ಅವನು ಮುಂದಕ್ಕೆ ಬಂದ. ರಾಡು ಹೆಗಲಿನಿಂದ ಕುತ್ತಿಗೆಗೆ ಉರುಳಿತು. ಮಟ್ಟಿಯ ಕಲ್ಲಿನ ಅಂಚು ಅಲ್ಲೇ ಇತ್ತು.

ನಾನು ಮೊದಲು ಮಾಡಿದ ಕೆಲಸ ಹಲಗೆ ತೆಗೆದದ್ದು. ಗದೆಗಳ ಹಿಂದಕ್ಕೆ ತಳ್ಳಿದೆ. ಆಮೇಲೆ ರಾಡು ಎತ್ತಿದೆ. ಆಮೇಲೆ ಕೂಗಿದೆ. ಈ ಕ್ರಮವನ್ನು ನಾನು ಒಂದು ದಿನವೂ ಮರೆತಿಲ್ಲ.

ಸಂಜೆ ಹಲಗೆಯನ್ನು ಪಂಚೆಯಲ್ಲಿ ಸುತ್ತಿ ತಂದು ನಮ್ಮ ಒಲೆಗೆ ಹಾಕಿದೆ. ಅವ್ವ ಅದರಲ್ಲೇ ನೀರು ಕಾಯಿಸಿದಳು. ಹೆಣ ಹೊತ್ತು ಬಂದ ಮೈಗೆ ಅದೇ ನೀರು ಹುಯ್ದುಕೊಂಡೆ.

ಉಸ್ತಾದರಿಗೆ ಹೇಳಿದ್ದು ಒಂದೇ ಮಾತು. ಹಿಮ್ಮಡಿ ಎದ್ದಿತು ಅಂದೆ. ಅವರು ಅದನ್ನೇ ಎದೆಗೆ ಇಟ್ಟುಕೊಂಡು ಕುಳಿತಿದ್ದಾರೆ.

ಹಗುರವೇನೂ ಆಗಲಿಲ್ಲ.

6 ಫೆಬ್ರವರಿ, ಗುರುವಾರ

ಅರವತ್ತು ಕೆ.ಜಿ. ಹಾಕಿದರು. ಮೂರನೆಯದಕ್ಕೆ ಕೆಳಗೆ ಮುಟ್ಟಿದೆ. ಎದುರಿಗೆ ಕಾಲು. ಇವತ್ತು ಇನ್ನೂ ಹತ್ತಿರ. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಗೆ ಸತ್ತಿದ್ದು ಕಾಣಿಸಿತು.

ಆ ಉಗುರು ನನ್ನದು. ಎಪ್ಪತ್ತಮೂರರ ದೀಪಾವಳಿ ಹೊತ್ತಿಗೆ ಗುಂಡುಕಲ್ಲು ಬಿದ್ದು ಸತ್ತಿತ್ತು. ಈಗ ಹೊಸದು ಬೆಳೆದಿದೆ. ಇಷ್ಟು ದಿನ ಸತ್ತವನು ಬಂದು ನಿಲ್ಲುತ್ತಾನೆ ಅಂದುಕೊಂಡಿದ್ದೆ. ನಿಲ್ಲುತ್ತಿರುವುದು ನಾನು. ಅವನಿಗೆ ಅವತ್ತು ಕೆಳಗಿನಿಂದ ಕಂಡದ್ದು ನನಗೆ ಈಗ ಕಾಣುತ್ತಿದೆ.

ಮುಂದಕ್ಕೆ ಬಾಗಿದೆ. ಹೋಯಿತು ಅಂದುಕೊಂಡೆ. ಹಿಂದಿನಿಂದ ಉಸ್ತಾದರು ಎದೆಗೆ ಎರಡೂ ಕೈ ಹಾಕಿ ತಬ್ಬಿ ಎತ್ತಿದರು. ಅರವತ್ತೆರಡು ವರ್ಷದ ಮನುಷ್ಯ. ಕವೆಗಂಬದ ಮೇಲೆ ರಾಡು ಇಟ್ಟ ಮೇಲೂ ಬಿಡಲಿಲ್ಲ. ಬೆನ್ನಿಗೆ ಅವರ ಉಸಿರು ಬಿಸಿಯಾಗಿ ತಾಗುತ್ತಿತ್ತು.

“ಅವತ್ತು ನಾನು ಹಿಂಗೆ ಹಿಂದೆ ಇರಬೇಕಿತ್ತು” ಅಂದರು.

ಆಗ ಹೇಳಿಬಿಡಬಹುದಿತ್ತು. ಬಾಯಿ ಒಣಗಿತ್ತು ಅಂತ ನೆಪ ಬರೆಯಲಾರೆ. ಹೇಳಲಿಲ್ಲ ಅಷ್ಟೆ. ಹೇಡಿ ನಾನು.

24 ಫೆಬ್ರವರಿ, ಸೋಮವಾರ. ಐಮಂಗಲ ಕ್ಯಾಂಪು

ಹೈವೇ ಮೋರಿ ಅಗಲ ಮಾಡುವ ಕೆಲಸ. ಹದಿನೈದು ದಿನದಿಂದ ಇಲ್ಲೇ ಟೆಂಟು. ನಾನೇ ಕೇಳಿಕೊಂಡು ಬಂದದ್ದು. ಟ್ರೇಸರನನ್ನು ಸೈಟಿಗೆ ಕಳಿಸುವ ರೂಢಿ ಇಲ್ಲ. ಸಾಹೇಬರು ವಿಚಿತ್ರವಾಗಿ ನೋಡಿ ಸಹಿ ಹಾಕಿದರು. ಇಡೀ ದಿನ ಲಾರಿಗಳ ಸದ್ದು, ಧೂಳು. ಚೆನ್ನಾಗಿ ನಿದ್ದೆ ಬರುತ್ತಿದೆ.

ಬೆಳಿಗ್ಗೆ ಚೊಂಬು ಹಿಡಿದು ಬಯಲಿಗೆ ಹೋಗಿ ಕುಳಿತವನಿಗೆ ಹೊಳೆಯಿತು. ಹಿಮ್ಮಡಿ ಎರಡೂ ನೆಲಕ್ಕೆ ಊರಿವೆ. ಹುಟ್ಟಿದಾಗಿನಿಂದ ಹೀಗೇ ಕೂರುತ್ತಿದ್ದೇನೆ. ಒಂದು ದಿನವಾದರೂ ಮುಂದಕ್ಕೆ ಬಿದ್ದಿದ್ದೇನೆಯೇ. ದೊಡ್ಡ ತತ್ವ ಹೊಳೆಯುವ ಜಾಗವೇನೋ ಅದಲ್ಲ, ಆದರೂ ಹೊಳೆಯಿತು.

ವಾಪಸು ಬಂದು ಐವತ್ತು ಕೆ.ಜಿ. ಸಿಮೆಂಟು ಮೂಟೆ ಹೆಗಲಿಗೆ ಹಾಕಿಸಿಕೊಂಡೆ. ವಾಚ್‌ಮನ್ ತಿಪ್ಪಯ್ಯನ ಕೈಗೆ ಎರಡು ಕಾಗದದ ಚೂರು ಕೊಟ್ಟು, ಹಿಂದೆ ಕುಳಿತು ಜಗ್ಗು ಅಂದೆ. ಇಳಿದೆ. ಎದುರಿಗೆ ರಸ್ತೆ, ಜಾಲಿ ಗಿಡ, ಒಂದು ಮೇಕೆ. ಕಾಲುಗಳಿಲ್ಲ. “ಬರಲ್ದು ಸೋಮಿ, ಹರಿದೋಗ್ತೈತೆ” ಅಂದ ತಿಪ್ಪಯ್ಯ. ಹತ್ತು ಸಲ ಇಳಿದೆ. ಹತ್ತು ಸಲವೂ ಬರಲಿಲ್ಲ. ಬೆನ್ನು ನೇರ, ಮೊಣಕಾಲು ನೇರ. ಟ್ರೇಸರ್ ಸಾಹೇಬರಿಗೆ ಬಿಸಿಲು ಹೊಡೆದಿದೆ ಅಂತ ಅವನು ಅಡುಗೆಯವನಿಗೆ ಹೇಳುತ್ತಿದ್ದುದು ಕೇಳಿಸಿತು.

ಅಂದರೆ ನನ್ನ ಕಾಲಿಗೆ ಊರಲು ಬರುತ್ತದೆ. ಬಸ್ಕಿಯ ತಪ್ಪಲ್ಲ, ಉಸ್ತಾದರ ತಪ್ಪಲ್ಲ. ಆ ಗರಡಿಯೊಳಗೆ ಆ ಮನುಷ್ಯನ ಮುಂದೆ ಮಾತ್ರ ನನ್ನ ಹಿಮ್ಮಡಿ ಏಳುತ್ತದೆ. ಕಾಗದ ಅವರ ಕೈಗೆ ಹೋದಾಗಲೆಲ್ಲ ಒಂದು ಸುಳ್ಳು ಹೋಗುತ್ತಿದೆ.

12 ಮಾರ್ಚ್, ಬುಧವಾರ

ಊರಿಗೆ ಬಂದು ಮೂರು ದಿನ. ನಿನ್ನೆ ಶಿವರಾತ್ರಿ. ಇವತ್ತು ಗರಡಿಗೆ ಹೋದೆ. ಐಮಂಗಲದ ಹಾಗೆ ಇಲ್ಲೂ ಆಗಲಿ, ಹಿಮ್ಮಡಿ ಊರಿದರೆ ಅವರ ಅನುಮಾನ ಹೋಗುತ್ತದೆ, ಹಲಗೆಯ ವಿಷಯ ಹೇಳುವುದೇ ಬೇಕಾಗುವುದಿಲ್ಲ... ಹೀಗೆ ಲೆಕ್ಕ ಹಾಕಿಕೊಂಡು ಹೋದೆ. ಎಂಥ ಲೆಕ್ಕ.

ಹತ್ತಕ್ಕೆ ಹತ್ತು ಸಲವೂ ಕಾಗದ ಬಂತು.

ಉಸ್ತಾದರು ಇಪ್ಪತ್ತು ಚೂರನ್ನೂ ಜೋಡಿಸಿ ಅಂಗೈಯಲ್ಲಿ ಇಟ್ಟುಕೊಂಡರು. ಆಮೇಲೆ ರಾಡಿಗೆ ಎಣ್ಣೆ ಸವರಿ ಗೋಣಿಚೀಲ ಸುತ್ತಲು ಹೇಳಿದರು. ನಾಳೆಯಿಂದ ಬರುವುದು ಬೇಡ ಅಂದರು. ಸಿಟ್ಟಿಲ್ಲ. ಇಷ್ಟು ದಿನ ನನಗೆ ತೊಂದರೆ ಕೊಟ್ಟೆ ಅಂತ ಬೇಜಾರು ಮಾಡಿಕೊಂಡರು.

“ನಿಂದೇನೂ ತಪ್ಪಿಲ್ಲ ಕಣಪ್ಪ. ಕಲ್ಸಿದ್ದು ನಾನು.”

23 ಮಾರ್ಚ್, ಭಾನುವಾರ

ಉಸ್ತಾದರು ಗರಡಿಯ ಸಾಮಾನು ಹಂಚುತ್ತಿದ್ದಾರೆ. ಕಾಟಲಿಂಗಪ್ಪ ಹೇಳಿದ — ನಮಗಿಂತ ಹಿರಿಯ ಪೈಲ್ವಾನ, ಈಗ ಹಿರಿಯೂರಿನಲ್ಲಿ ಮರ ಕೊಯ್ಯುವ ಸಾಮಿಲ್ಲು ಇಟ್ಟಿದ್ದಾನೆ. ಅವನಿಗೆ ಉಸ್ತಾದರ ತಾತನ ಗದೆ ಕೊಟ್ಟರಂತೆ. ಬೇಡ ಅಂದರೂ ಹೊರಿಸಿ ಕಳಿಸಿದರಂತೆ. ಬಸ್ಸಿನಲ್ಲಿ ಕಂಡಕ್ಟರ್ ಪಕ್ಕ ಗದೆ ಇಟ್ಟುಕೊಂಡು ಅಳುತ್ತಾ ಹೋದೆ ಅಂದ. ಅಷ್ಟು ದೊಡ್ಡ ಆಳು ಹೇಳುತ್ತಾ ಮತ್ತೆ ಅತ್ತ.

ಹೊಸದುರ್ಗದವರು ಯಾರೋ ಗುಂಡುಕಲ್ಲು ಒಯ್ದರು. ಮಟ್ಟಿ ಮುಚ್ಚಲು ಜಲ್ಲಿ ತಂದು ಬಾಗಿಲಲ್ಲಿ ಸುರಿದಿದ್ದಾರೆ. ಗರಡಿ ಇರುವ ಬುರುಜನಹಟ್ಟಿ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ. ಆಫೀಸಿಗೆ ಸುತ್ತು ಹಾಕಿಕೊಂಡು ಹೋಗುತ್ತೇನೆ.

ಆ ಕಾಲು ಈಗ ಎಲ್ಲೆಂದರಲ್ಲಿ ಕಾಣುತ್ತದೆ. ಚಪ್ಪಲಿ ಹುಡುಕಲು ಬಗ್ಗಿದರೆ. ಒಲೆಗೆ ಕಟ್ಟಿಗೆ ಒಟ್ಟಲು ಕುಳಿತರೆ. ಎದುರಿಗೆ, ಒಂದು ಮಾರು ದೂರದಲ್ಲಿ, ಸುಮ್ಮನೆ ನಿಂತಿರುತ್ತದೆ. ಒಂದು ಸಲವೂ ಹಿಂದಕ್ಕೆ ಹೋಗುವುದಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

6 ಏಪ್ರಿಲ್, ಭಾನುವಾರ. ಬೆಳಿಗ್ಗೆ 9

ಹೇಳಿದೆ.

ಉಸ್ತಾದರು ಗರಡಿಯ ಜಗಲಿಯ ಮೇಲೆ ಕುಳಿತಿದ್ದರು. ಹನುಮಂತನ ಪಟ ಬಿಟ್ಟರೆ ಖಾಲಿ ಗೋಡೆ. ಗದೆ ನೇತುಹಾಕುತ್ತಿದ್ದ ಮೊಳೆಗಳನ್ನು ಕೀಳುತ್ತಿದ್ದರು. ನಾನು ಕೂರಲಿಲ್ಲ, ನಿಂತೇ ಹೇಳಿದೆ. ಹಲಗೆ, ಫೋಟೋ, ನಮ್ಮ ನಗು, ಕಲ್ಲುಚಪ್ಪಡಿ, ಜಾರಿದ್ದು, ಗದೆಗಳ ಹಿಂದಕ್ಕೆ ತಳ್ಳಿದ್ದು. ಐಮಂಗಲದ ಸಿಮೆಂಟು ಮೂಟೆಯನ್ನೂ ಹೇಳಿದೆ. ಬಸ್ಕಿಯಿಂದ ಅವನು ಸಾಯಲಿಲ್ಲ, ನೀವು ಕಲಿಸಿದ್ದರಿಂದ ಅಲ್ಲ, ನೀವು ಬೇಡ ಅಂದದ್ದನ್ನು ನಾನು ಮಾಡಿಸಿದ್ದರಿಂದ ಅಂದೆ. ದನಿ ನನ್ನದಲ್ಲ ಅನ್ನಿಸುತ್ತಿತ್ತು.

ಹೊಡೆಯುತ್ತಾರೆ ಅಂದುಕೊಂಡಿದ್ದೆ. ಸುತ್ತಿಗೆ ಕೈಯಲ್ಲೇ ಇತ್ತು. ಕೆಳಗಿಟ್ಟರು.

“ಎಷ್ಟು ದಪ್ಪ ಇತ್ತು ಹಲಗೆ?”

ಒಂದಿಂಚು ಅಂದೆ. ಹೆಬ್ಬೆರಳು ತೋರುಬೆರಳ ನಡುವೆ ಒಂದಿಂಚು ಜಾಗ ಬಿಟ್ಟು ಅದನ್ನೇ ನೋಡುತ್ತಾ ಕುಳಿತರು. ಇಷ್ಟಾ ಅಂತ ಕೇಳಿದರು. ಹೂಂ ಅಂದೆ. ಈಗ ಎಲ್ಲಿದೆ ಅಂತ ಕೇಳಿದರು. ಸುಟ್ಟೆ ಅಂದೆ. ಎದ್ದು ಒಳಗೆ ಹೋದರು.

ಏಕಾಂತಮ್ಮ ಅಂಬಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಮುಖ ನೋಡಲಿಲ್ಲ. ಲೋಟವನ್ನು ಹಾಗೇ ಒಳಗೆ ತೆಗೆದುಕೊಂಡು ಹೋದರು.

8 ಏಪ್ರಿಲ್, ಮಂಗಳವಾರ

ಏನೂ ಇಲ್ಲ. ಪೊಲೀಸು ಬರಬಹುದು ಅಂತ ಆಫೀಸಿನಲ್ಲಿ ಮೇಜು ಓರಣ ಮಾಡಿಟ್ಟೆ. ಅವ್ವನಿಗೂ ಹೇಳಿದೆ. ಅವಳು ಒಲೆಯ ಕಡೆ ನೋಡಿದಳು. ಊಟ ಮಾಡಲಿಲ್ಲ.

10 ಏಪ್ರಿಲ್, ಗುರುವಾರ

ಉಸ್ತಾದರು ಕಾಟಲಿಂಗಪ್ಪನ ಕೈಯಲ್ಲಿ ಹೇಳಿಕಳಿಸಿದ್ದಾರೆ. ನಾಳೆ ಐದೂವರೆಗೆ ಬರಬೇಕಂತೆ. ರಾಡು ಬಿಚ್ಚಿ ಒರೆಸಿ ಇಟ್ಟಿದ್ದಾರಂತೆ. ನಾಳೆ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಗರಡಿಯಲ್ಲಿ ಯಾರೂ ಕಬ್ಬಿಣ ಮುಟ್ಟುವುದಿಲ್ಲ. ಅದನ್ನು ಕಾಟಲಿಂಗಪ್ಪನೂ ಅಂದ. ಯಾಕೆ ಏನು ಅಂತ ಅವನಿಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಹೋಗುತ್ತೇನೆ. ಹೋಗದೆ ಎಲ್ಲಿಗೆ ಹೋಗಲಿ.

11 ಏಪ್ರಿಲ್, ಶುಕ್ರವಾರ. ಬೆಳಿಗ್ಗೆ 7.30

ಅಕ್ಷರ ಹೇಗೆ ಬಂದರೂ ಬರಲಿ.

ರಾಡು ಕವೆಗಂಬದ ಮೇಲಿತ್ತು. ಪ್ಲೇಟು ಲೆಕ್ಕ ಹಾಕಿದೆ, ಎಂಬತ್ತು. ಅಷ್ಟು ನಾನು ಹೊತ್ತೇ ಇರಲಿಲ್ಲ. ಹೊತ್ಕ ಅಂದರು. ಕಾಗದದ ಚೂರು ಇಟ್ಟು ಹಿಂದೆ ಕುಳಿತರು. ನನ್ನ ಬೆನ್ನ ಹಿಂದೆ ಅವನ ಅಪ್ಪ, ಹೆಗಲ ಮೇಲೆ ಅವನ ರಾಡು. ಬೀಳಿಸಬೇಕೆಂದರೆ ಒಂದು ಬೆರಳು ಸಾಕಿತ್ತು. ಇಳಿದೆ.

ಒಂದು. ಎರಡು. ಮೂರು. ಎದುರಿಗೆ ಗೋಡೆ, ಪಟ. ಹಿಂದಿನಿಂದ ಅವರು ಜಗ್ಗುವುದು ಹಿಮ್ಮಡಿಗೆ ಗೊತ್ತಾಗುತ್ತಿತ್ತು. ಬರಲಿಲ್ಲ. ನಾಲ್ಕನೆಯದಕ್ಕೆ ಕೆಳಗೆ ಮುಟ್ಟಿದೆ.

“ಊರೈತೆ” ಅಂದರು. ಆಮೇಲೆ, “ಏಳಬೇಡ. ಅಲ್ಲೇ ಇರು.”

ಇದ್ದೆ. ತೊಡೆ ಉರಿಯತೊಡಗಿತು.

“ಬೀಳಕ್ಕೆ ಮುಂಚೆ ಅವ್ನು ಏನಾದ್ರೂ ಅಂದ್ನಾ?”

ಇದೊಂದನ್ನು ನಾನು ಹೇಳಿರಲಿಲ್ಲ. ಈ ಪುಸ್ತಕದಲ್ಲೂ ಬರೆದಿರಲಿಲ್ಲ. ಹಲಗೆಯಷ್ಟನ್ನೇ ಒಪ್ಪಿಕೊಂಡರೆ ಮುಗಿಯುತ್ತದೆ ಅಂದುಕೊಂಡಿದ್ದೆ. ಎಂಬತ್ತು ಕೆ.ಜಿ.ಯ ಕೆಳಗೆ ಕುಳಿತವನಿಗೆ ಸುಳ್ಳು ಯೋಚಿಸುವಷ್ಟು ಉಸಿರು ಇರುವುದಿಲ್ಲ.

ಅಂದಿದ್ದ. ನಾಲ್ಕನೆಯದಕ್ಕೆ ಕೆಳಗೆ ಮುಟ್ಟಿದಾಗ ನನ್ನ ಮುಖ ನೋಡಿ ಅಂದಿದ್ದ. “ಹಾಲ, ಹಿಂದಕ್ಕೆ ಬಾರೋ.” ಎರಡು ಸಲ. ಹಲಗೆ ಅಲುಗಾಡಿದ್ದು ಅವನಿಗೆ ಗೊತ್ತಾಗಿತ್ತು. ನಾನು ಅಂಕಿ ಹೇಳಬೇಕಿತ್ತು, ಅವನು ಏಳಬೇಕಿತ್ತು. ನಾಲ್ಕು ಹೆಜ್ಜೆ ಹಾಕಿದ್ದರೆ ಹಿಂದೆ ಇರುತ್ತಿದ್ದೆ. ಹಿಂದೆ ನಿಲ್ಲಬಾರದು ಅನ್ನುವ ಕಟ್ಟು ತಡೆಯಿತು ಅಂತ ಒಂದೂವರೆ ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದಲ್ಲ. ಅವನು ಹೆದರಿದ್ದ. ಹದಿನಾಲ್ಕು ವರ್ಷದಲ್ಲಿ ಅವನು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅದು ಹಿತವಾಗಿತ್ತು. ಇನ್ನೊಂದು ಕ್ಷಣ ನೋಡೋಣ ಅನ್ನಿಸಿತು.

ಇಷ್ಟನ್ನೂ ಕೆಳಗೆ ಕುಳಿತೇ ಹೇಳಿದೆ. ಗೋಡೆಗೆ ಹೇಳಿದ ಹಾಗೆ.

“ಅವ್ನು ಕರೆದಾಗ ನೀನೇನಂದೆ?”

“ನಾಲ್ಕು ಅಂದೆ” ಅಂದೆ.

ಕಾಲು ಸತ್ತಿತ್ತು. ರಾಡಿನ ಎರಡೂ ಬದಿಗೆ ಅವರ ಕೈ ಬಿತ್ತು. ಎತ್ತಲು ಹಿಡಿದರೋ ಒತ್ತಲು ಹಿಡಿದರೋ ಗೊತ್ತಾಗಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಎತ್ತಿದರು. ಕವೆಗೆ ಅವರೇ ಇಟ್ಟರು.

ತಿರುಗಿದೆ. ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಸಮಾಧಾನವೂ ಇರಲಿಲ್ಲ. ಬಾಗಿಲ ಕಡೆ ನೋಡುತ್ತಾ ಅಂದರು: “ನಾಳೆ ಯುಗಾದಿ. ಮಟ್ಟಿಗೆ ಹೊಸ ಮಣ್ಣು ಬರ್ತೈತೆ. ನೀನು ಬರಬೇಡ. ಯಾವತ್ತೂ ಬರಬೇಡ.”

ಆಗಲಿ ಅಂದೆ. ಕಾಲು ಮುಟ್ಟಲು ಬಗ್ಗಿದೆ, ಹಿಂದಕ್ಕೆ ಸರಿದರು. ಜಲ್ಲಿ ರಾಶಿ ಬಳಸಿಕೊಂಡು ಹೊರಗೆ ಬಂದೆ. ಮಟ್ಟಿ ಉಳಿಯಿತು. ಅದೇ ತಾನೇ ಬೇಕಾಗಿದ್ದದ್ದು. ಮನೆಗೆ ಬಂದು ಇಷ್ಟು ಬರೆದೆ. ಹದಿನಾರು ವರ್ಷದಿಂದ ಐದಕ್ಕೆ ಎದ್ದು ಅಲ್ಲಿಗೆ ಹೋಗುವುದು ಬಿಟ್ಟರೆ ಬೆಳಗಿನ ಹೊತ್ತು ಇನ್ನೇನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ನಾಳೆ ಐದಕ್ಕೆ ಎಚ್ಚರವಾದರೆ ಎದ್ದು ಎಲ್ಲಿಗೆ ಹೋಗುವುದೋ.